ಪ್ಲ್ಯಾನ್ ಮಕ್ಕಳದ್ದು, ಪ್ರವಾಸ ನನ್ನದು

ನಮ್ಮ ರಾಯಚೂರಿನವರು ಗುಡಿ, ಕೋಟೆ ನೋಡಲು ಹೋಗಬೇಕಾದ್ದು ಚಳಿಗಾಲದಲ್ಲೇ. ಬೇಸಿಗೆಯಲ್ಲಿ ಕಲ್ಲಿನ ಅಂಗಳದಲ್ಲಿ ಬರಿಗಾಲು ಇಡಲಿಕ್ಕೇ ಆಗಲ್ಲ. ಗಾಡಿ, ರೂಮು, ಊಟ, ಮಾತ್ರೆ ಎಲ್ಲವನ್ನೂ ವರ್ಷಗಟ್ಟಲೆ ನಾನೇ ನೋಡಿಕೊಂಡಿದ್ದೆ. ಕಳೆದ ಡಿಸೆಂಬರಿನಲ್ಲಿ ಪೂರ್ತಿ ಜವಾಬ್ದಾರಿ ಮಗಳಿಗೂ ಮೈದುನನ ಮಗನಿಗೂ ಕೊಟ್ಟೆ. ಇಬ್ಬರೂ ಕಾಲೇಜು ಓದುತ್ತಾರೆ.

ಹೇಳಬೇಕಾದ್ದನ್ನೆಲ್ಲ ಮೊದಲೇ, ಒಂದೇ ಸಲ ಹೇಳಿಬಿಟ್ಟೆ. ಖರ್ಚು ಇಷ್ಟರೊಳಗೇ ಇರಬೇಕು. ಅತ್ತೆಗೆ ಮೊಣಕಾಲು ನೋವು, ಜಾಸ್ತಿ ಮೆಟ್ಟಿಲು ಬೇಡ. ಶುಗರ್ ಇದೆ, ಮಧ್ಯಾಹ್ನದ ಊಟ ತಡವಾಗಬಾರದು. ಅಷ್ಟೇ. ದುಡ್ಡನ್ನೂ ಅವರ ಕೈಗೇ ಕೊಟ್ಟೆ. ನನ್ನ ಪ್ರಕಾರ ಇದೇ ಮುಖ್ಯ. ದುಡ್ಡು ನಮ್ಮ ಹತ್ತಿರವೇ ಇದ್ದರೆ ಪ್ರತಿ ಚಹಾಕ್ಕೂ ನಮ್ಮನ್ನೇ ಕೇಳುತ್ತಾರೆ, ಅಲ್ವಾ? ಆಮೇಲೆ "ರೂಮು ಎಂಥದ್ದಿರಲಿ?" ಅಂತ ಬಂದರು. "ನೀವೇ ನೋಡಿ" ಅಂದೆ.

ಲಿಂಗಸುಗೂರು, ಮುದಗಲ್, ಕುಷ್ಟಗಿ ಮೇಲೆ ಕುಕನೂರು. ಅಲ್ಲಿ ನವಲಿಂಗ ಗುಡಿ ನೋಡಿ ಇಟಗಿ, ರಾತ್ರಿ ಕೊಪ್ಪಳ. ಮರುದಿನ ಆನೆಗೊಂದಿ. ದಾರಿಯಲ್ಲಿ ಊಟ ಹೊತ್ತಿಗೆ ಸರಿಯಾಗಿ ಸಿಗದಿದ್ದರೆ ಅಂತ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಸಿಕೊಂಡಿದ್ದರು. ಅಜ್ಜಿಯ ಊಟ ಒಂದು ಗಳಿಗೆಯೂ ತಡವಾಗಲಿಲ್ಲ.

ಇಟಗಿಯಲ್ಲಿ ನಾನು ತುಂಬಾ ಹೊತ್ತು ಕೂತೆ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ ಅದು. ಅಲ್ಲಿನ ಶಾಸನ ಇದನ್ನು 'ದೇವಾಲಯ ಚಕ್ರವರ್ತಿ' ಅಂತ ಹೊಗಳುತ್ತದೆ. ಓದಿ ಗೊತ್ತಿದ್ದ ಮಾತು, ಆದರೆ ಕಂಬಗಳ ಮುಂದೆ ಸುಮ್ನೆ ಕೂತಾಗ ಅದು ನಿಜ ಅನ್ನಿಸಿತು. ಕಂಬದ ಸುತ್ತ ಬಳೆ ಏರಿಸಿದಂತೆ ಸಾಲು ಸಾಲು ಸುತ್ತುಗಳು. ಕಲ್ಲು ಅಷ್ಟು ನುಣುಪು. ಮುಂದಿನ ಊರಿಗೆ ಎಷ್ಟೊತ್ತಿಗೆ ಹೊರಡಬೇಕು ಅನ್ನೋದು ನನ್ನ ತಲೆಯಲ್ಲಿ ಇರಲೇ ಇಲ್ಲ. ಪಕ್ಕದ ಕಲ್ಯಾಣಿಯ ದಂಡೆಯಲ್ಲಿ ಅತ್ತೆ ತಮ್ಮ ತವರಿನ ಬಾವಿಯ ಕಥೆ ಹೇಳಿದರು. ಅದನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಕೊಪ್ಪಳದಲ್ಲಿ ಮಕ್ಕಳು ಸಣ್ಣ ಖಾನಾವಳಿಗೆ ಕರೆದುಕೊಂಡು ಹೋದರು. ಬೇರೆ ಕಡೆ ನೋಡೋಣ ಅನ್ನೋ ಮಾತು ಬಾಯಿಯವರೆಗೂ ಬಂತು, ನುಂಗಿಕೊಂಡೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ. ಹೊಟ್ಟೆ ತುಂಬ ಉಂಡೆವು.

ಅಂಜನಾದ್ರಿಗೆ 575 ಮೆಟ್ಟಿಲು. ಹುಡುಗರು ಬೆಳಕು ಹರಿಯುವ ಮುಂಚೆ ಹತ್ತಿದರು. ಅತ್ತೆಗೂ ನನಗೂ ಅವರು ಪಂಪಾ ಸರೋವರ ಗೊತ್ತು ಮಾಡಿದ್ದರು. ಅಲ್ಲಿ ಲಕ್ಷ್ಮಿಯ ದರ್ಶನ ಮಾಡಿ ನಿಧಾನಕ್ಕೆ ಚಹಾ ಕುಡಿದೆವು. ಇಷ್ಟು ಚೆನ್ನಾಗಿ ಯೋಚನೆ ಮಾಡಿದ್ದಕ್ಕೆ ನನಗೆ ಆ ಮಕ್ಕಳ ಮೇಲೆ ತುಂಬಾ ಹೆಮ್ಮೆ.

ಈ ಸಲ ಅತ್ತೆಯ ಪಾಳಿ. ಕೃಷ್ಣೆಯ ನಡುಗಡ್ಡೆಯ ಕುರುವಪುರಕ್ಕೆ ಹೋಗಬೇಕಂತೆ. ದೋಣಿಯಲ್ಲಿ ದಾಟಬೇಕು, ಹಾಗಾಗಿ ಮಳೆಗಾಲ ಮುಗಿದು ಹೊಳೆ ಇಳಿಯಲಿ ಅಂತ ಅವರೇ ಹೇಳಿದ್ದಾರೆ. ಖರ್ಚಿನ ದುಡ್ಡು ಆಗಲೇ ಅವರ ಕೈಗೆ ಕೊಟ್ಟಿದ್ದೇನೆ.