ಹರಿಗೋಲಿನ ಮೇಲೆ ಟ್ರೌಟ್ ಸ್ಪರ್ಧೆಯ ನಿಯಮ: ನನ್ನ ಅನುಭವ

ನಮ್ಮ ಕಡೆಯ ಕೆರೆಯಲ್ಲಿ ಹರಿಗೋಲಿನ ಮೇಲೆ ಕುಳಿತು ಫ್ಲೈ ರಾಡ್ ಬೀಸಿ ಮೀನು ಹಿಡಿಯುವ ತಂಡ ಸ್ಪರ್ಧೆ ನಡೆಸಲು ಆಗುವುದೇ ಇಲ್ಲ ಎಂದವರು ಈಗ ನಿಯಮಗಳ ಪ್ರತಿ ಕೇಳುತ್ತಿದ್ದಾರೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ, ಹೀಗೆ ನಾಲ್ಕು ತಂಡಗಳು ಬಂದು, ಜಗಳವಿಲ್ಲದೆ ಆಡಿ, ಮೀನನ್ನು ಜೀವಂತವಾಗಿ ನೀರಿಗೆ ಬಿಟ್ಟು ಹೋಗಿವೆ. ಫ್ಲೈ, ಅಂದರೆ ಪುಕ್ಕ, ದಾರ ಸುತ್ತಿ ಹುಳದಂತೆ ಮಾಡಿದ ಕೊಕ್ಕೆ, ಅದನ್ನು ಕಟ್ಟುವುದು, ಲೈನ್ ಎಸೆಯುವುದು ನಿಮಗೆಲ್ಲ ಗೊತ್ತು. ನಾನು ಹೇಳಬೇಕಿರುವುದು ದೋಣಿ, ನಿಯಮ ಮತ್ತು ಹಣದ ವಿಷಯ.

ನಿಯಮದ ಮೂಲ ಟ್ರೌಟ್ ಎಂಬ ತಣ್ಣೀರಿನ ಮೀನಿನ ಸ್ಪರ್ಧೆಗಳದು. ಸ್ಕಾಟ್ಲೆಂಡಿನ ಲಾಕ್ ಲೆವೆನ್‌ನಂಥ ಸರೋವರಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿಯಲ್ಲಿ ದೋಣಿಯನ್ನು ಗಾಳಿಗೆ ಅಡ್ಡಲಾಗಿ ಬಿಡುತ್ತಾರೆ. ಇಬ್ಬರು ಕುಳಿತೇ ಗಾಳಿ ಹೋಗುವ ದಿಕ್ಕಿಗೆ ಎಸೆಯುತ್ತಾರೆ. ಲಂಗರು ಹಾಕುವಂತಿಲ್ಲ, ವೇಗ ತಗ್ಗಿಸಲು ಡ್ರೋಗ್, ಅಂದರೆ ದೋಣಿಯ ಹಿಂದೆ ನೀರಿನಲ್ಲಿ ಎಳೆಯುವ ಬಟ್ಟೆಯ ತಡೆ, ಮಾತ್ರ ಬಿಡಬಹುದು. ಟ್ರೌಟ್ ನಮ್ಮಲ್ಲಿ ಬದುಕುವುದಿಲ್ಲ. ಅದಕ್ಕೆ ತಣ್ಣನೆಯ ನೀರು ಬೇಕು, ನೀಲಗಿರಿಯಂಥ ಎತ್ತರಕ್ಕೇ ಹೋಗಬೇಕು. ನಮ್ಮ ಕೆರೆಗಳಲ್ಲಿ ಇರುವುದು ತಿಲಾಪಿಯ, ಅಂದರೆ ಎಲ್ಲರೂ ಕರೆಯುವ ಜಿಲೇಬಿ ಮೀನು. ಅದು ಫ್ಲೈ ಹಿಡಿಯುತ್ತದೆ, ಗುಂಪಾಗಿ ತಿರುಗುತ್ತದೆ, ಹಗುರ ರಾಡಿನಲ್ಲಿ ಚೆನ್ನಾಗಿ ಜಗ್ಗುತ್ತದೆ. ಸ್ಪರ್ಧೆಗೆ ಇಷ್ಟು ಸಾಕು ಎಂದು ನಾನು ಮೊದಲಿನಿಂದಲೂ ಹೇಳುತ್ತಿದ್ದೆ.

ಕೆರೆ ಹಾನಗಲ್ ತಾಲ್ಲೂಕಿನದು. ಹೆಸರು ಬರೆಯುವುದಿಲ್ಲ, ಮೀನಿನ ಗುತ್ತಿಗೆ ಹಿಡಿದವರ ಜತೆ ಹಾಗೆಂದೇ ಮಾತಾಗಿದೆ.

ಎಲ್ಲರ ಮೊದಲ ತಕರಾರು ದೋಣಿಯದು. ಫೈಬರ್ ದೋಣಿ ಕೊಳ್ಳಿ, ಇಲ್ಲದಿದ್ದರೆ ಬಿಡಿ ಎಂದರು. ಒಂದು ಸಾಧಾರಣ ಫೈಬರ್ ದೋಣಿಗೆ ನಲವತ್ತು ಸಾವಿರದ ಮೇಲೆ ಕೇಳಿದರು. ನಾಲ್ಕು ಬೇಕು. ವರ್ಷಕ್ಕೊಮ್ಮೆ ನಡೆಯುವ ಸ್ಪರ್ಧೆಗೆ ಅಷ್ಟು ಹಣ ಸುರಿಯುವ ಪ್ರಶ್ನೆಯೇ ಇರಲಿಲ್ಲ. ತುಂಗಭದ್ರೆಯ ದಂಡೆಯ ಊರುಗಳಲ್ಲಿ ಹರಿಗೋಲು ಬಾಡಿಗೆಗೆ ಸಿಗುತ್ತವೆ, ಅಂಬಿಗರೂ ಸಿಗುತ್ತಾರೆ. ಆದರೆ ಹರಿಗೋಲು ದುಂಡಗಿದೆ, ತಳದಲ್ಲಿ ನೀರು ಸೀಳುವ ಏಣು (ಕೀಲ್) ಇಲ್ಲ. ಗಾಳಿ ತಾಗಿದ ಕೂಡಲೇ ಅದು ಮುಂದೆ ಹೋಗುವ ಬದಲು ತಿರುಗುತ್ತದೆ. ಒಂದೇ ಹರಿಗೋಲಿನಲ್ಲಿ ಇಬ್ಬರನ್ನು ಕೂರಿಸಿ ನೋಡಿದೆವು. ಲೈನ್ ನೀರಿಗೆ ಬೀಳುವಷ್ಟರಲ್ಲಿ ಎದುರಿಗಿದ್ದ ನೀರು ಬೆನ್ನಿನ ಕಡೆಗೆ ಹೋಗಿರುತ್ತಿತ್ತು. ಇಬ್ಬರ ನಡುವೆ ನಾಲ್ಕಡಿಯೂ ಇರಲಿಲ್ಲ, ಹಿಂದಕ್ಕೆ ಬೀಸಿದ ಕೊಕ್ಕೆ ಅಂಬಿಗನ ಟೋಪಿಗೆ ಸಿಕ್ಕಿತು. ಡ್ರೋಗನ್ನು ಒಂದೇ ಹಗ್ಗದಲ್ಲಿ ಕಟ್ಟಿದಾಗ ತಿರುಗುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಕಲ್ಲು ಕಟ್ಟಿ ಲಂಗರು ಹಾಕಿದರೆ ದೋಣಿ ಸ್ಥಿರವಾಗುತ್ತಿತ್ತು, ಆದರೆ ಆಗ ಒಳ್ಳೆಯ ಜಾಗಕ್ಕೆ ಮೊದಲು ತಲುಪಿದವನು ಅವಧಿ ಮುಗಿಯುವವರೆಗೂ ಅಲ್ಲೇ ಕೂರುತ್ತಾನೆ. ಹಾಗೆ ಮಾಡಿದರೆ ಅದು ಸ್ಪರ್ಧೆಯಲ್ಲ, ಜಾಗ ಹಿಡಿಯುವ ಕೆಲಸ.

ಕೊನೆಗೆ ಫಲಿಸಿದ್ದು ಜೋಡಿ ಹರಿಗೋಲು. ಎರಡು ಹರಿಗೋಲುಗಳನ್ನು ಪಕ್ಕಪಕ್ಕ ಇಟ್ಟು, ನಡುವೆ ಹಳೆಯ ಸ್ಕೂಟರ್ ಟೈರ್ ಸಿಕ್ಕಿಸಿ, ಮುಂದೊಂದು ಹಿಂದೊಂದು ಬಿದಿರಿನ ಗಳ ಅಡ್ಡಲಾಗಿ ಬಿಗಿದೆ. ಒಂದೊಂದರಲ್ಲಿ ಒಬ್ಬೊಬ್ಬ ಸ್ಪರ್ಧಿ, ಎಡಗಡೆಯದರಲ್ಲಿ ಅಂಬಿಗ. ಇಬ್ಬರ ನಡುವೆ ಏಳೆಂಟು ಅಡಿ ಅಂತರ ಸಿಕ್ಕಿತು. ಅಂಬಿಗನ ಭಾರದಿಂದ ಎಡಭಾಗ ತಗ್ಗಿ ಜೋಡಿ ಆ ಕಡೆಗೇ ಎಳೆಯುತ್ತಿತ್ತು. ಬಲಗಡೆ ಇಪ್ಪತ್ತು ಲೀಟರಿನ ಮೂರು ನೀರಿನ ಕ್ಯಾನ್ ಇಟ್ಟ ಮೇಲೆ ಸರಿಹೋಯಿತು. ಡ್ರೋಗನ್ನು ಹುಬ್ಬಳ್ಳಿಯ ದಾಜಿಬಾನ್ ಪೇಟೆಯಲ್ಲಿ ತಂದ ತಾಡಪಾಲಿನಿಂದ ಹೊಲಿಸಿದೆ, ಸುಮಾರು ಐದಡಿಗೆ ನಾಲ್ಕಡಿ. ಹಿಂದಿನ ಗಳದ ಎರಡು ತುದಿಯಿಂದ ಎರಡು ಹಗ್ಗ ಬಂದು ಒಂದು ಗಂಟಿನಲ್ಲಿ ಸೇರಿ, ಅಲ್ಲಿಂದ ಡ್ರೋಗಿಗೆ ಹೋಗುತ್ತವೆ. ಎರಡು ತುದಿಯಲ್ಲೂ ಎಳೆತ ಇರುವುದರಿಂದ ಜೋಡಿ ತಿರುಗಲು ಆಗುವುದಿಲ್ಲ. ಆ ಗಂಟು ಗಳದಿಂದ ಎಷ್ಟು ದೂರ ಬೀಳಬೇಕು, ತಾಡಪಾಲಿನ ನಡುವೆ ಎಷ್ಟು ದೊಡ್ಡ ತೂತು ಇರಬೇಕು ಎಂಬುದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಅದಕ್ಕಾಗಿ ಒಂದು ಇಡೀ ಹಂಗಾಮು ಕಳೆದಿದ್ದೇನೆ. ಸಂಕ್ರಾಂತಿಯ ಹೊತ್ತಿನ ಮೂಡಗಾಳಿಯಲ್ಲಿ ನಮ್ಮ ಜೋಡಿ ಕೆರೆಯ ಪೂರ್ವ ದಂಡೆಯಿಂದ ಪಶ್ಚಿಮಕ್ಕೆ ಮೂಗು ತಿರುಗಿಸದೆ ಸಾಗಿದ್ದನ್ನು ದಂಡೆಯ ಮೇಲೆ ನಿಂತು ಅನುಮಾನಿಸಿದವರೇ ಮೊಬೈಲಿನಲ್ಲಿ ಚಿತ್ರೀಕರಿಸಿದರು.

ಕುಳಿತೇ ಎಸೆಯಬೇಕು ಎಂಬ ಟ್ರೌಟ್ ನಿಯಮವನ್ನು ಹಾಗೆಯೇ ಇಟ್ಟೆ. ಹರಿಗೋಲಿನಲ್ಲಿ ಅದು ಜೀವದ ವಿಷಯ. ಎದ್ದು ನಿಂತವನನ್ನು ಎಚ್ಚರಿಕೆ ಕೊಡದೆ ದಂಡೆಗೆ ಕಳಿಸಲಾಗುತ್ತದೆ. ಲೈಫ್ ಜಾಕೆಟ್ ಬಿಚ್ಚಿದವನಿಗೂ ಅದೇ. ಮುಂದಿನ ಗಳದ ಸರಿ ಮಧ್ಯದಲ್ಲಿ ಒಂದು ಕೆಂಪು ಬಟ್ಟೆ ಕಟ್ಟಿದ ಕೋಲು ನಿಲ್ಲಿಸಿದ್ದೇವೆ. ಅದರಾಚೆಯ ನೀರು ಜೊತೆಗಾರನದು. ಅರ್ಧ ಅವಧಿಗೆ ಸೀಟು ಅದಲುಬದಲು, ಜೋಡಿ ಎಲ್ಲಿಂದ ತೇಲಬೇಕು ಎಂದು ಹೇಳುವ ಹಕ್ಕೂ ಆಗಲೇ ಬದಲಾಗುತ್ತದೆ.

ಇನ್ನು ತಂಡದ ನಿಯಮ. ಒಂದು ಜೋಡಿಯಲ್ಲಿ ಒಂದೇ ತಂಡದ ಇಬ್ಬರು ಕೂರುವಂತಿಲ್ಲ, ಚೀಟಿ ಎತ್ತಿ ಬೇರೆ ತಂಡದವರನ್ನು ಕೂರಿಸುತ್ತೇವೆ. ಟ್ರೌಟ್ ಸ್ಪರ್ಧೆಯಿಂದ ನಾನು ತಂದ ಅತಿ ದೊಡ್ಡ ಸಂಪತ್ತು ಇದೇ. ನಿನ್ನ ಮೀನನ್ನು ಅಳೆಯುವವನು ಎದುರಾಳಿ, ಅವನ ಮೀನನ್ನು ಅಳೆಯುವವನು ನೀನು. ಪ್ರತಿ ದೋಣಿಗೆ ಒಬ್ಬ ತೀರ್ಪುಗಾರನನ್ನು ಇಡುವ ಖರ್ಚು ಉಳಿಯಿತು, ಇಬ್ಬರೂ ಸಹಿ ಹಾಕಿದ ಚೀಟಿಯ ಮೇಲೆ ಯಾರೂ ತಕರಾರು ಎತ್ತಲಿಲ್ಲ. ಅಂಬಿಗರನ್ನೂ ಚೀಟಿ ಎತ್ತಿಯೇ ಹಂಚುತ್ತೇವೆ, ಏಕೆಂದರೆ ಕೆರೆ ಬಲ್ಲ ಒಬ್ಬ ಅಂಬಿಗನೇ ಬೇಕೆಂದು ಎಲ್ಲರೂ ಹಟ ಹಿಡಿದರು. ಅಂಬಿಗನು ಮೀನನ್ನು ಬಲೆಯಲ್ಲಿ ಎತ್ತುವಂತಿಲ್ಲ, ಮೀನಿನ ಜಾಗ ತೋರಿಸುವಂತಿಲ್ಲ.

ಅಂಕದ ಲೆಕ್ಕ ಫ್ಲೈ ಮೀನುಗಾರಿಕೆಯ ವಿಶ್ವ ಚಾಂಪಿಯನ್‌ಶಿಪ್ ನಡೆಸುವ ಫಿಪ್ಸ್-ಮೂಶ್ ಸಂಸ್ಥೆಯ ಪದ್ಧತಿಯನ್ನು ಅನುಸರಿಸಿದ್ದು: ತೂಕವಿಲ್ಲ, ಉದ್ದ ಮಾತ್ರ. ನಮ್ಮಲ್ಲಿ ಒಂದು ಮೀನಿಗೆ 100, ಅದರ ಮೇಲೆ ಪ್ರತಿ ಸೆಂಟಿಮೀಟರಿಗೆ 20. ಇಪ್ಪತ್ತು ಸೆಂಟಿಮೀಟರಿನ ಜಿಲೇಬಿಗೆ 500 ಬರುತ್ತದೆ. ಹದಿನೈದರ ಕೆಳಗಿನದಕ್ಕೆ ಲೆಕ್ಕವಿಲ್ಲ. ಬಾಯಿಗೆ ಕೊಕ್ಕೆ ಸಿಕ್ಕಿದ ಮೀನು ಮಾತ್ರ ಮೀನು, ಬೆನ್ನಿಗೋ ಹೊಟ್ಟೆಗೋ ಸಿಕ್ಕಿದ್ದನ್ನು ಬಿಟ್ಟುಬಿಡಬೇಕು. ಅಳತೆಗೆ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ಒಳಗೆ ಗೆರೆ ಕೊರೆದು, ಒದ್ದೆ ಮಾಡಿ ಬಳಸುತ್ತೇವೆ. ತಲಾ ಮೂವತ್ತು ರೂಪಾಯಿಯೂ ಬೀಳಲಿಲ್ಲ.

ಆದರೆ ಗೆಲ್ಲುವುದು ಈ ಅಂಕಗಳ ಮೊತ್ತದಿಂದಲ್ಲ, ಸ್ಥಾನದಿಂದ. ತಂಡಕ್ಕೆ ನಾಲ್ವರು, ಎರಡು ಅವಧಿ, ಪ್ರತಿ ಅವಧಿಯಲ್ಲಿ ತಂಡದಿಂದ ಇಬ್ಬರು, ಒಟ್ಟು ನಾಲ್ಕು ಜೋಡಿ ಹರಿಗೋಲಿನಲ್ಲಿ ಎಂಟು ಜನ. ಅವರಲ್ಲಿ ಒಂದರಿಂದ ಎಂಟರವರೆಗೆ ಸ್ಥಾನ. ಮೀನೇ ಸಿಗದವರೆಲ್ಲರಿಗೂ ಎಂಟು. ನಾಲ್ವರ ಸ್ಥಾನ ಕೂಡಿಸಿ, ಕಡಿಮೆ ಬಂದ ತಂಡ ಗೆಲ್ಲುತ್ತದೆ. ಇದನ್ನು ಒಪ್ಪಿಸಲು ನನಗೆ ಸಾಕುಬೇಕಾಯಿತು. ಹೆಚ್ಚು ಮೀನು ಹಿಡಿದವರು ಸೋಲುವುದು ಹೇಗೆ ಎಂದು ಕೇಳಿದರು. ನಡೆದದ್ದು ಹೀಗೆ: ಗದಗ ತಂಡದ ಒಬ್ಬ ಯುವಕ ಒಂದೇ ಅವಧಿಯಲ್ಲಿ ಮೂವತ್ತರ ಹತ್ತಿರ ಮೀನು ಹಿಡಿದ. ಅದ್ಭುತ ಕೈ, ಅದರಲ್ಲಿ ಎರಡು ಮಾತಿಲ್ಲ. ಅವನಿಗೆ ಒಂದನೇ ಸ್ಥಾನ. ಅವನ ತಂಡದ ಉಳಿದವರಿಗೆ ಎರಡು, ಏಳು, ಎಂಟು. ಒಟ್ಟು 18. ಹಾವೇರಿಯವರಿಗೆ ಎರಡು, ಮೂರು, ಮೂರು, ನಾಲ್ಕು, ಒಟ್ಟು 12. ಅವರ ನಾಲ್ವರೂ ಸೇರಿ ಹಿಡಿದದ್ದು ಆ ಯುವಕನೊಬ್ಬ ಹಿಡಿದದ್ದಕ್ಕಿಂತ ಸ್ವಲ್ಪವೇ ಹೆಚ್ಚು. ಆದರೆ ನಾಲ್ವರೂ ಆಡಿದರು. ತಂಡದ ಸ್ಪರ್ಧೆಯಲ್ಲಿ ತಂಡವೇ ಗೆಲ್ಲಬೇಕು, ಈ ವಿಷಯದಲ್ಲಿ ನಾನು ಒಂದು ಹೆಜ್ಜೆಯೂ ಹಿಂದೆ ಸರಿಯುವುದಿಲ್ಲ. ಇನ್ನೊಂದು ಲಾಭವಿದೆ. ಮೊದಲ ಅವಧಿ ಬೆಳಿಗ್ಗೆ ಏಳರಿಂದ ಒಂಬತ್ತೂಕಾಲು, ಎರಡನೆಯದು ಒಂಬತ್ತೂವರೆಯಿಂದ ಹನ್ನೊಂದೂ ಮುಕ್ಕಾಲು. ಬಿಸಿಲೇರಿದ ಮೇಲೆ ಮೀನು ಕಡಿಮೆ ಬೀಳುತ್ತದೆ. ಸ್ಥಾನ ಆಯಾ ಅವಧಿಯೊಳಗೇ ನಿರ್ಧಾರವಾಗುವುದರಿಂದ ಎರಡನೆಯ ಅವಧಿಯವರಿಗೆ ಅನ್ಯಾಯವಾಗುವುದಿಲ್ಲ. ಟ್ರೌಟಿಗೆ ಮೂರು ಗಂಟೆಯ ಅವಧಿ ಇಡುತ್ತಾರೆ, ನಮ್ಮ ಬಿಸಿಲಿಗೆ ಎರಡೂಕಾಲು ಸಾಕು. ಬಿಸಿ ನೀರಿನಲ್ಲಿ ದಣಿದ ಮೀನು ಚೇತರಿಸಿಕೊಳ್ಳುವುದು ನಿಧಾನ.

ಟ್ರೌಟ್ ನಿಯಮದಲ್ಲಿ ಇಲ್ಲದ, ನಾನೇ ಬರೆದ ಒಂದು ನಿಯಮದ ಬಗ್ಗೆ ನನಗೆ ಹೆಮ್ಮೆಯಿದೆ. ಹೆಣ್ಣು ಜಿಲೇಬಿ ಮೊಟ್ಟೆಯನ್ನೂ ಮರಿಯನ್ನೂ ಬಾಯಲ್ಲಿ ಇಟ್ಟುಕೊಂಡು ಸಾಕುತ್ತದೆ. ಕೈಯಲ್ಲಿ ಹಿಡಿದರೆ ಉಗುಳಿಬಿಡುತ್ತದೆ. ಅಂಥ ಮೀನು ಸಿಕ್ಕರೆ ಲೆಕ್ಕವಿಲ್ಲ, ನೀರಿನಲ್ಲೇ ಕೊಕ್ಕೆ ಬಿಡಿಸಿ ಎಂದು ಮೊದಲು ಬರೆದಾಗ ಯಾರ ಕಣ್ಣಿಗೂ ಮೊಟ್ಟೆ ಕಾಣಲೇ ಇಲ್ಲ. ಆಮೇಲೆ ತಿದ್ದಿದೆ: ಮೊಟ್ಟೆ ಕಂಡರೆ ಅಳೆಯದೆ ಬಿಡಿ, ಹದಿನೈದು ಸೆಂಟಿಮೀಟರಿನ ಮೀನಿನ ಅಂಕ, ಅಂದರೆ 400, ನಿಮಗೆ ಸಿಗುತ್ತದೆ, ಜೊತೆಗಾರ ಒಪ್ಪಿದರೆ ಸಾಕು. ಮರುಗಳಿಗೆಯಿಂದಲೇ ಎಲ್ಲರಿಗೂ ಮೊಟ್ಟೆ ಕಾಣತೊಡಗಿತು. ದಂಡೆಯ ಆಳವಿಲ್ಲದ ಜಾಗದಲ್ಲಿ ಗಂಡು ಮೀನು ಗುಂಡಿ ತೋಡಿ ಗೂಡು ಮಾಡುತ್ತದೆ. ಗೂಡಿನ ಮೇಲಿರುವ ಗಂಡು ಏನು ಬಂದರೂ ಕಚ್ಚುತ್ತದೆ, ಅದನ್ನು ಹಿಡಿಯುವುದರಲ್ಲಿ ಏನೂ ಕೌಶಲವಿಲ್ಲ. ಹಾಗಾಗಿ ದಂಡೆಯಿಂದ ಇಪ್ಪತ್ತು ಮೀಟರ್ ಬಿಟ್ಟು ಖಾಲಿ ಎಣ್ಣೆ ಡಬ್ಬಿಗಳನ್ನು ತೇಲಿಬಿಟ್ಟಿದ್ದೇವೆ, ಆ ಗೆರೆಯಿಂದ ದಂಡೆಯ ಕಡೆಗೆ ಎಸೆಯುವಂತಿಲ್ಲ.

ಕೊಕ್ಕೆಯ ತುದಿಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿರಬೇಕು. ಲೈನಿಗೆ ಎರಡೇ ಫ್ಲೈ. ಟ್ರೌಟಿಗೆ ಮೂರು ಕಟ್ಟುತ್ತಾರೆ, ನಮ್ಮ ಹೊಸಬರಿಗೆ ಗಾಳಿಯಲ್ಲಿ ಮೂರು ಕೊಟ್ಟರೆ ಅರ್ಧ ಅವಧಿ ಗೋಜಲು ಬಿಡಿಸುವುದರಲ್ಲೇ ಹೋಗುತ್ತದೆ. ಜೋಳದ ಹಿಟ್ಟು ಚೆಲ್ಲುವುದು, ಫ್ಲೈಗೆ ವಾಸನೆ ಹಚ್ಚುವುದು ನಿಷಿದ್ಧ.

ಫ್ಲೈ ವಿಷಯ ಬಂದ ಮೇಲೆ ಒಂದು ಪ್ರಯೋಗ ಹೇಳದೆ ಇರಲಾರೆ. ಹೊರಗಿನಿಂದ ತರಿಸುವ ಬಣ್ಣದ ಪುಕ್ಕ ಬಹಳ ದುಬಾರಿ. ಕೋಳಿ ಅಂಗಡಿಯಿಂದ ಬಿಳಿ ಪುಕ್ಕ ತಂದು, ಸೋಪಿನಲ್ಲಿ ತೊಳೆದು, ಬ್ಯಾಡಗಿ ಮೆಣಸಿನಕಾಯಿ ಕುದಿಸಿದ ನೀರಿನಲ್ಲಿ ಅದ್ದಿದೆ. ಅಷ್ಟು ಹೆಸರಾದ ಬಣ್ಣ ಪುಕ್ಕಕ್ಕೆ ಹತ್ತಲೇ ಇಲ್ಲ. ಆ ಬಣ್ಣ ಎಣ್ಣೆಯಲ್ಲಿ ಬಿಡುತ್ತದೆಯೇ ಹೊರತು ನೀರಿನಲ್ಲಿ ಅಲ್ಲ. ಎಣ್ಣೆ ಹಾಕಿದರೆ ಪುಕ್ಕ ಅಂಟಂಟಾಗಿ ಕೆಟ್ಟುಹೋಯಿತು. ಅರಿಶಿನ ಮಾತ್ರ ಗೆದ್ದಿತು. ಸ್ವಲ್ಪ ವಿನೆಗರ್ ಹಾಕಿ ಕುದಿಸಿದರೆ ಚೆನ್ನಾದ ಹಳದಿ ಬರುತ್ತದೆ. ಬಿಸಿಲಿಗೆ ಬೇಗ ಮಾಸುತ್ತದೆ, ಅದಕ್ಕೆ ಡಬ್ಬಿಯಲ್ಲಿ ಮುಚ್ಚಿಡಬೇಕು. ಫ್ಲೈಯ ಮೈ ಸುತ್ತಲು ಧಾರವಾಡದಲ್ಲಿ ಕಸೂತಿಗೆ ಮಾರುವ ರೇಷ್ಮೆ ದಾರ ಬಳಸುತ್ತೇನೆ. ಒಂದು ಲಡಿಯಲ್ಲಿ ಐವತ್ತರವತ್ತು ಫ್ಲೈ ಆಗುತ್ತವೆ. ಜಿಲೇಬಿ ಪಾಚಿ ತಿನ್ನುವ ಮೀನಾದ್ದರಿಂದ ಹಸಿರು ದಾರದ್ದು ಚೆನ್ನಾಗಿ ನಡೆಯುತ್ತದೆ. ಅದರಲ್ಲೂ ಒಂದು ಹಸಿರು ಇದೆ, ಅದು ಯಾವುದೆಂದು ಹುಬ್ಬಳ್ಳಿ ತಂಡದವರಿಗೆ ಮಾತ್ರ ಗೊತ್ತು.

ಇದೇ ಜೋಡಿ ಹರಿಗೋಲನ್ನು ತುಂಗಭದ್ರೆಗೆ ಕಟ್ಟಿದ ಹಮ್ಮಿಗಿಯ ಬ್ಯಾರೇಜಿನ ಹಿನ್ನೀರಿಗೂ ಒಯ್ದು ನೋಡಿದೆ. ಅಷ್ಟು ಅಗಲದ ನೀರಿನಲ್ಲಿ ಅಲೆ ಎದ್ದು, ಗಳದ ಕಟ್ಟು ಸಡಿಲಿ, ಎರಡು ಹರಿಗೋಲು ಒಂದಕ್ಕೊಂದು ಬಡಿದವು. ಈ ಪದ್ಧತಿ ಕೆರೆಗೇ ಸರಿ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಏಕೆ ನಡೆಸುವುದಿಲ್ಲ ಎಂದು ಗದಗದವರು ಕೇಳುತ್ತಾರೆ. ನಮಗೆ ಒಳ್ಳೆಯ ಗಾಳಿ ಸಿಗುವ ತಿಂಗಳುಗಳಲ್ಲೇ ಅಲ್ಲಿಗೆ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಅಲ್ಲಿ ದೋಣಿ ಇಳಿಸುವ ಮಾತನ್ನೇ ಯಾರೂ ಎತ್ತಬಾರದು.

ಈಗ ಹಣ. ಮೊದಲ ವರ್ಷ ಎಂಟು ಹರಿಗೋಲಿನ ಬಾಡಿಗೆ, ಅಭ್ಯಾಸದ ದಿನವೂ ಸೇರಿ, ಐದು ಸಾವಿರದ ಹತ್ತಿರ. ತಂದು ಒಯ್ಯುವ ಟೆಂಪೊಗೆ ಏಳು ಸಾವಿರ. ನಾಲ್ವರು ಅಂಬಿಗರಿಗೆ ಏಳು ಸಾವಿರದ ಚಿಲ್ಲರೆ. ಲೈಫ್ ಜಾಕೆಟ್ ಇಪ್ಪತ್ತಕ್ಕೆ ಹದಿನಾಲ್ಕು ಸಾವಿರ. ರೊಟ್ಟಿ, ಝುಣಕ, ಚಹಾ ಎಲ್ಲ ಸೇರಿ ಐದು. ಗುತ್ತಿಗೆದಾರರು ಹಿಡಿದ ಜಿಲೇಬಿಯನ್ನೆಲ್ಲ ತಮಗೇ ಕೊಡಿ ಎಂದು ಕೇಳಿದರು. ಅವರು ಬಿಟ್ಟ ಕಟ್ಲಾ, ರೋಹುಗಳ ಮೇವಿಗೆ ಅದು ಪಾಲುದಾರ, ಅವರ ಮಾತಿನಲ್ಲೂ ಅರ್ಥವಿದೆ. ಆದರೆ ಮೀನನ್ನು ಕೊಂದು ತರುವ ಸ್ಪರ್ಧೆ ನನಗೆ ಬೇಡವಾಗಿತ್ತು. ಬದಲಿಗೆ ಆರು ಸಾವಿರ ಕೊಟ್ಟೆ. ಒಟ್ಟು ನಲವತ್ತನಾಲ್ಕು ಸಾವಿರದ ಸುಮಾರು. ತಂಡಕ್ಕೆ ಐದು ಸಾವಿರದಂತೆ ಬಂದದ್ದು ಇಪ್ಪತ್ತು. ಉಳಿದದ್ದು ನನ್ನ ಜೇಬಿನಿಂದ. ಇದು ಮುಳುಗುವ ಲೆಕ್ಕ ಎಂದು ಹತ್ತಿರದವರೇ ಹೇಳಿದರು. ಎರಡನೆಯ ವರ್ಷ ಜಾಕೆಟ್ ಕೊಳ್ಳುವುದಿರಲಿಲ್ಲ, ಟೆಂಪೊ ಬೇರೆ ಸರಕಿನ ಜತೆ ಹಂಚಿಕೆಯಾಯಿತು, ಪ್ರವೇಶ ಆರು ಸಾವಿರ ಮಾಡಿದೆ. ಖರ್ಚು ಇಪ್ಪತ್ತೆಂಟರ ಆಸುಪಾಸು, ಕೈಯಿಂದ ಹೋದದ್ದು ನಾಲ್ಕು ಸಾವಿರ.

ಬರುವ ಸಂಕ್ರಾಂತಿಯ ನಂತರ ಬೆಳಗಾವಿಯಿಂದಲೂ ಒಂದು ತಂಡ ಬರುತ್ತೇನೆಂದಿದೆ. ಆಗ ಅವಧಿಗೆ ಹತ್ತು ಜನ, ಐದು ಜೋಡಿ, ಹತ್ತು ಹರಿಗೋಲು ಬೇಕು, ಮೀನು ಸಿಗದವನ ಸ್ಥಾನ ಎಂಟರ ಬದಲು ಹತ್ತಾಗುತ್ತದೆ. ಪ್ರವೇಶ ಆರು ಸಾವಿರವೇ ಇರಲಿದೆ. ಬರುವವರು ಒಂಬತ್ತು ಅಡಿಯ ರಾಡ್ ತನ್ನಿ, ಗಂಟಿಲ್ಲದ ರಬ್ಬರ್ ಬಲೆ ತನ್ನಿ, ಮುಳ್ಳು ಒತ್ತದ ಕೊಕ್ಕೆಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಡ್ರೋಗ್ ನಾನು ಕೊಡುತ್ತೇನೆ.