ಕಾಡು, ಸಫಾರಿ, ರೆಸಾರ್ಟ್ ಕಡೆ ಕೆಲ್ಸ ಬೇಕಾ? ಓದನ್ನ ಹೀಗೆ ಪ್ಲ್ಯಾನ್ ಮಾಡ್ಕೊಳ್ಳಿ

ಪ್ರಾಣಿ ಅಂದ್ರೆ ಇಷ್ಟ, ಕಾಡಲ್ಲೇ ಕೆಲ್ಸ ಮಾಡ್ಬೇಕು ಅಂತ ತುಂಬ ಹುಡುಗ್ರು ಹುಡುಗೀರು ಹೇಳ್ತಾರೆ, ಒಳ್ಳೇದೇ, ಆದ್ರೆ ಈ ಫೀಲ್ಡಲ್ಲಿ ಬೆಳೆಯೋರಿಗೆ ಹುಲಿ ಹೆಜ್ಜೆ ಗುರುತೂ ಗೊತ್ತಿರತ್ತೆ, ತಿಂಗಳ ಕೊನೇಲಿ ಡೀಸೆಲ್ ಬಿಲ್ ಎಷ್ಟಾಯ್ತು ಅನ್ನೋದೂ ಗೊತ್ತಿರತ್ತೆ. ಅಮೆರಿಕದ ಕಾನ್ಸಾಸ್ ಸ್ಟೇಟ್ ಯೂನಿವರ್ಸಿಟಿಲಿ ಇವೆರಡನ್ನೂ ಸೇರಿಸಿ ವೈಲ್ಡ್‌ಲೈಫ್ ಅಂಡ್ ಔಟ್‌ಡೋರ್ ಎಂಟರ್‌ಪ್ರೈಸ್ ಮ್ಯಾನೇಜ್‌ಮೆಂಟ್ ಅಂತ ಒಂದು ಡಿಗ್ರಿನೇ ಇದೆ. ಅಲ್ಲಿ ಓದಿದೋರು ಬೇಟೆ ಲಾಡ್ಜ್ ಕೂಡ ನಡೆಸ್ತಾರೆ. ನಮ್ಮಲ್ಲಿ ವನ್ಯಜೀವಿ ಕಾಯ್ದೆ ಬೇಟೆನ ನಿಷೇಧಿಸಿರೋದ್ರಿಂದ ಆ ದಾರಿ ಇಲ್ಲ, ಇಲ್ಲಿರೋದು ಸಫಾರಿ, ಬರ್ಡಿಂಗ್, ಟ್ರೆಕ್ಕಿಂಗ್, ರ‍್ಯಾಫ್ಟಿಂಗ್. ಹಾಗಾಗಿ ಕೋರ್ಸ್‌ನೂ ನಾವೇ ಜೋಡಿಸ್ಕೊಳ್ಬೇಕು.

ಮೊದಲು ಡಿಗ್ರಿ. ಪಿಯುಸಿಲಿ ಸೈನ್ಸ್ ತಗೊಂಡಿದ್ರೆ ಸಿಇಟಿ ಬರೆದು ಬಿಎಸ್‌ಸಿ ಫಾರೆಸ್ಟ್ರಿ ಸೇರ್ಬಹುದು, 4 ವರ್ಷ, ಶಿರಸಿ ಮತ್ತೆ ಪೊನ್ನಂಪೇಟೆಲಿ ಕಾಲೇಜಿದೆ, ಎರಡೂ ಕಾಡಿನ ಪಕ್ಕನೇ. ಬೇರೆ ಬಿಎಸ್‌ಸಿ ಮಾಡಿದೋರು ಎಂಎಸ್‌ಸಿಗೆ ಶಂಕರಘಟ್ಟದ ಕುವೆಂಪು ವಿವಿಯ ವೈಲ್ಡ್‌ಲೈಫ್ ಅಂಡ್ ಮ್ಯಾನೇಜ್‌ಮೆಂಟ್ ವಿಭಾಗ ನೋಡಿ. ಸಂಶೋಧನೆ ಕಡೆ ಜಾಸ್ತಿ ಒಲವಿದ್ರೆ ಡೆಹ್ರಾಡೂನ್‌ನ ವನ್ಯಜೀವಿ ಸಂಸ್ಥೆ. ಬಿಕಾಂ, ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದೋರು ಬೇಜಾರಾಗ್ಬೇಡಿ, ಅರ್ಧ ಕೆಲ್ಸ ನಿಮಗೆ ಆಗ್ಲೇ ಬರತ್ತೆ, ಹಕ್ಕಿ ಮರ ಗುರುತಿಸೋದು ಕಲ್ತ್ರೆ ಸಾಕು.

ಎರಡನೇದು, ಕಾನೂನು. ಇದನ್ನ ಯಾರೂ ಸರಿಯಾಗಿ ಓದಲ್ಲ, ನನ್ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದೇ. 2012ರಲ್ಲಿ ಹುಲಿ ಮೀಸಲು ಪ್ರದೇಶಗಳ ಕೋರ್ ಭಾಗದಲ್ಲಿ, ಅಂದ್ರೆ ಒಳಗಿನ ಮುಖ್ಯ ಕಾಡಲ್ಲಿ, ಟೂರಿಸಂ ನಿಲ್ಲಿಸಿ ಅಂತ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತ್ತು, ಕೆಲವು ತಿಂಗಳಾದ್ಮೇಲೆ ಹೊಸ ಮಾರ್ಗಸೂಚಿ ಬಂದು ಅದು ತೆರವಾಯ್ತು. ಆ ಮಾರ್ಗಸೂಚಿ ಪ್ರಕಾರ ಕೋರ್ ಪ್ರದೇಶದ 20%ಗಿಂತ ಜಾಸ್ತಿ ಜಾಗ ಪ್ರವಾಸಿಗರಿಗೆ ಕೊಡೋ ಹಾಗಿಲ್ಲ, ಪ್ರಾಣಿಯಿಂದ 20 ಮೀಟರ್ ದೂರ ಇರ್ಬೇಕು. ಅಂದ್ರೆ ಗಿರಾಕಿ ಜಾಸ್ತಿ ಬಂದ್ರು ಅಂತ ನಾಳೆನೇ ಇನ್ನೆರಡು ಜೀಪ್ ಬಿಡೋಕಾಗಲ್ಲ, ಕಾಡು ದೊಡ್ಡದಾಗಲ್ವಲ್ಲ. ಆದಾಯ ಬೇರೆ ಕಡೆಯಿಂದ ಬರ್ಬೇಕು, ಅದನ್ನ ಹುಡುಕೋದೇ ಮ್ಯಾನೇಜರ್ ಕೆಲ್ಸ.

ಉದಾಹರಣೆಗೆ ದಾಂಡೇಲಿ ಹತ್ರ ಗಣೇಶಗುಡಿ ನೋಡಿ. ಅಲ್ಲಿ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್‌ನೋರ ಓಲ್ಡ್ ಮ್ಯಾಗಜಿನ್ ಹೌಸ್ ಅನ್ನೋ ರೆಸಾರ್ಟಲ್ಲಿ ಹಕ್ಕಿಗಳಿಗೆ ನೀರು ಇಟ್ಟಿದಾರೆ, ಅಷ್ಟಕ್ಕೇ ಎಲ್ಲೆಲ್ಲಿಂದ್ಲೋ ಫೋಟೋಗ್ರಾಫರ್‌ಗಳು ಬಂದು ಸುಮ್ನೆ ಕೂತು ಕಾಯ್ತಾರೆ, ಜೀಪ್ ಬೇಡ, ಗದ್ದಲ ಬೇಡ. ಅಲ್ಲೇ ಕಾಳಿ ನದಿಲಿ ರ‍್ಯಾಫ್ಟಿಂಗ್ ಇದೆ, ಅದು ಸೂಪಾ ಡ್ಯಾಮಿಂದ ನೀರು ಬಿಡೋದ್ರ ಮೇಲೆ ನಿಂತಿದೆ, ಬುಕಿಂಗ್ ತಗೊಳ್ಳೋ ಮುಂಚೆ ನೀರಿನ ಲೆಕ್ಕ ಗೊತ್ತಿರ್ಬೇಕು. 1980ರಲ್ಲಿ ಸರ್ಕಾರ ಶುರು ಮಾಡಿದ ಈ ಜಂಗಲ್ ಲಾಡ್ಜಸ್ ಸಂಸ್ಥೆನ, ಅದರಲ್ಲೂ ಕಬಿನಿ ಲಾಡ್ಜ್‌ನ, ಓದೋವಾಗ್ಲೇ ಒಂದು ಸಲ ಹೋಗಿ ನೋಡಿ ಬನ್ನಿ.

ಮೂರನೇದು ಊರಿನ ಜನ. ಆನೆ ಬಂದು ಬೆಳೆ ತುಳಿದಿರೋ ರೈತನ ಹೊಲದ ಪಕ್ಕದಲ್ಲೇ ನಮ್ಮ ಗೆಸ್ಟು ಆನೆ ನೋಡಿ ಖುಷಿ ಪಡ್ತಿರ್ತಾರೆ, ಆ ರೈತನ ಮನೆಯೋರಿಗೆ ಕೆಲ್ಸ ಕೊಡದೆ, ಅವರ ಹತ್ರ ತರಕಾರಿ ಹಾಲು ಕೊಳ್ಳದೆ ಇದ್ರೆ ಆ ರೆಸಾರ್ಟು ಅಲ್ಲಿರೋದ್ರಲ್ಲಿ ನ್ಯಾಯ ಇಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲೇ ಸಮುದಾಯ ಅರಣ್ಯ ಹಕ್ಕು, ಅಂದ್ರೆ ಕಾಡನ್ನ ಒಟ್ಟಾಗಿ ಬಳಸೋ, ಕಾಯೋ ಹಕ್ಕು ಸಿಕ್ಕಿದೆ, ಅಂಥ ಕಡೆ ಅವರನ್ನ ಬರೀ ಗೈಡ್ ಅಂದ್ಕೋಬೇಡಿ, ಕಾಡಿನ ವಿಷಯದಲ್ಲಿ ಅವರು ಗುರುಗಳು.

ಲೆಕ್ಕ, ಜಿಎಸ್‌ಟಿ, ಬುಕಿಂಗ್ ಸಾಫ್ಟ್‌ವೇರ್, ಫಸ್ಟ್ ಏಯ್ಡ್, ಇವೆಲ್ಲ ಶಾರ್ಟ್ ಕೋರ್ಸಲ್ಲಿ ಕಲೀಬಹುದು.

ಕೊನೇದಾಗಿ ಇಂಟರ್ನ್‌ಶಿಪ್. ಮಳೆಗಾಲದಲ್ಲೇ ಕೇಳಿ. ಡಿಸೆಂಬರಲ್ಲಿ ರೂಮೆಲ್ಲ ಫುಲ್ ಇರತ್ತೆ, ನಿಮಗೆ ಹೇಳ್ಕೊಡೋಕೆ ಯಾರಿಗೂ ಪುರುಸೊತ್ತಿರಲ್ಲ. ಜುಲೈಲಿ ರೂಮ್ ಖಾಲಿ, ಕಾಲಿಗೆ ಇಂಬಳ, ಆದ್ರೂ ಸಂಬಳ ಕೊಡ್ಲೇಬೇಕು, ಅದನ್ನ ಹೇಗೆ ತೂಗಿಸ್ತಾರೆ ಅಂತ ಮ್ಯಾನೇಜರ್ ಪಕ್ಕ ಕೂತು ಕೇಳೋಕೆ ಆಗ್ಲೇ ಟೈಮ್ ಸಿಗೋದು.