ಫ್ಲೋರಿಡಾದಲ್ಲಿ ಒಡವೆ ಅಡವಿಡುವ ಮುನ್ನ: ಗಿರವಿ ಅಂಗಡಿಯ ಕಾನೂನು, ಲೆಕ್ಕ ಮತ್ತು ಕಾಗದಪತ್ರ

ಅಮೆರಿಕದಲ್ಲಿ ಗಿರವಿ ಅಂಗಡಿಗಳಿಗೆ ಇಡೀ ದೇಶಕ್ಕೆ ಅನ್ವಯಿಸುವ ಒಂದೇ ಕಾನೂನು ಇಲ್ಲ. ಸಾಲದ ವಾರ್ಷಿಕ ದರವನ್ನು ಬರೆದು ತೋರಿಸಬೇಕೆಂಬಂಥ ಕೆಲವು ನಿಯಮಗಳನ್ನು ಕೇಂದ್ರ ಸರ್ಕಾರ ಮಾಡಿದೆ. ಬಡ್ಡಿ ಎಷ್ಟು, ಅವಧಿ ಎಷ್ಟು, ಯಾವ ದಾಖಲೆ ಇಡಬೇಕು, ಪೊಲೀಸರಿಗೆ ಏನನ್ನು ಒಪ್ಪಿಸಬೇಕು ಎಂಬುದನ್ನೆಲ್ಲ ಬಹುಮಟ್ಟಿಗೆ ಆಯಾ ರಾಜ್ಯವೇ ತೀರ್ಮಾನಿಸುತ್ತದೆ. ಟ್ಯಾಂಪಾ, ಒರ್ಲ್ಯಾಂಡೊ, ಜ್ಯಾಕ್ಸನ್‌ವಿಲ್ ಕಡೆ ನೆಲೆಸಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಫ್ಲೋರಿಡಾ ರಾಜ್ಯದ ವ್ಯವಸ್ಥೆಯನ್ನು ವಿವರಿಸಲಾಗಿದೆ. ಅಲ್ಲಿನ ಗಿರವಿ ಕಾನೂನು 1996ರದು. ರಾಜ್ಯದ ಕಾನೂನು ಸಂಗ್ರಹದಲ್ಲಿ ಅದು 539ನೇ ಅಧ್ಯಾಯ. ಹಳೆಯ ಸಾಮಾನುಗಳನ್ನು ಕೊಂಡು ಮಾರುವವರಿಗೆ ಅದರ ಹಿಂದಿನ 538ನೇ ಅಧ್ಯಾಯ ಅನ್ವಯಿಸುತ್ತದೆ. ಗಿರವಿ ಅಂಗಡಿಗೆ ಪರವಾನಗಿ ಕೊಡುವುದು ರಾಜ್ಯದ ಕೃಷಿ ಮತ್ತು ಗ್ರಾಹಕ ಸೇವೆಗಳ ಇಲಾಖೆ. ಕೃಷಿ ಇಲಾಖೆಗೂ ಗಿರವಿಗೂ ಎಲ್ಲಿಯ ನಂಟು ಎಂದು ಯಾರಿಗಾದರೂ ಅನ್ನಿಸೀತು. ಆದರೆ ಆ ರಾಜ್ಯದಲ್ಲಿ ಗ್ರಾಹಕರ ದೂರುಗಳನ್ನು ಕೇಳುವುದೂ ಅದೇ ಇಲಾಖೆ, ಅಂಗಡಿಯ ಪರವಾನಗಿ ಚಾಲ್ತಿಯಲ್ಲಿದೆಯೇ ಎಂದು ವಿಚಾರಿಸಬೇಕಾದದ್ದೂ ಅಲ್ಲಿಯೇ.

ಈ ವ್ಯವಸ್ಥೆಯ ಬೆನ್ನೆಲುಬು ವ್ಯವಹಾರದ ನಮೂನೆ, ಅಂದರೆ ನೀವು ಸಹಿ ಹಾಕುವ ಆ ಒಂದು ಹಾಳೆ. ಅಡವಿಟ್ಟರೂ ಸರಿ, ಅಂಗಡಿಗೇ ಮಾರಿದರೂ ಸರಿ, ಅದನ್ನು ತುಂಬಲೇಬೇಕು. ನಿಮ್ಮ ಹೆಸರು, ವಿಳಾಸ, ದೂರವಾಣಿ, ಕೆಲಸದ ಸ್ಥಳ, ಹುಟ್ಟಿದ ದಿನಾಂಕ ಮತ್ತು ಮೈಚಹರೆಯ ವಿವರವನ್ನು ಅದರಲ್ಲಿ ಬರೆದು, ಬಲಗೈ ಹೆಬ್ಬೆರಳ ಗುರುತನ್ನು ಒತ್ತಬೇಕು. ಭಾವಚಿತ್ರವಿರುವ ಸರ್ಕಾರಿ ಗುರುತಿನ ಚೀಟಿಯನ್ನು ತೋರಿಸಬೇಕು. ಅದನ್ನು ಕೊಟ್ಟವರು ಯಾರು, ಸಂಖ್ಯೆ ಏನು ಎಂಬುದೂ ದಾಖಲಾಗುತ್ತದೆ. ಹೆಬ್ಬೆಟ್ಟು ಒತ್ತಿಸಿಕೊಳ್ಳುವುದನ್ನು ಅವಮಾನವೆಂದು ಭಾವಿಸುವವರು ನಮ್ಮಲ್ಲಿ ಹಲವರಿದ್ದಾರೆ, ಆದರೆ ಆ ನಿಯಮ ಎಲ್ಲರಿಗೂ ಒಂದೇ. ಪ್ರತಿ ದಿನದ ನಮೂನೆಗಳೂ ಮುಂದಿನ ವ್ಯವಹಾರ ದಿನ ಮುಗಿಯುವುದರೊಳಗೆ ಸ್ಥಳೀಯ ಪೊಲೀಸರಿಗೆ ತಲುಪಬೇಕು. ಅಂಗಡಿಯವರು ಪ್ರತಿಯನ್ನು ಕನಿಷ್ಠ ಒಂದು ವರ್ಷ ಅಂಗಡಿಯಲ್ಲಿಯೇ ಇಟ್ಟುಕೊಂಡಿರಬೇಕು. ಕಳವಾದ ವಸ್ತುಗಳ ಪಟ್ಟಿಯೊಂದಿಗೆ ಕ್ರಮಸಂಖ್ಯೆಗಳನ್ನು ತಾಳೆ ನೋಡುವುದಕ್ಕೆ ಪೊಲೀಸರಿಗೆ ಇದರಿಂದ ಅನುಕೂಲವಾಗುತ್ತದೆ.

ಪೊಲೀಸರಿಗೆಂದು ಬರೆಸುವ ಈ ಹಾಳೆಯೇ ನಾಳೆ ಒಡವೆಯ ಬಗ್ಗೆ ತಕರಾರು ಬಂದರೆ ನಿಮಗಿರುವ ಆಧಾರ. ಕಾನೂನಿನ ಪ್ರಕಾರ ವಸ್ತುವಿನ ವಿವರ ಪೂರ್ಣವಾಗಿಯೂ ನಿಖರವಾಗಿಯೂ ಇರಬೇಕು. ಯಂತ್ರೋಪಕರಣವಾದರೆ ಕಂಪನಿ, ಮಾದರಿ, ಕ್ರಮಸಂಖ್ಯೆ. ಒಡವೆಯಾದರೆ ಯಾವ ಲೋಹ, ತೂಕ, ಗೊತ್ತಿದ್ದಲ್ಲಿ ಅದರ ಶುದ್ಧತೆ, ಕೆತ್ತನೆ ಅಥವಾ ಗುರುತು, ಹರಳುಗಳಿದ್ದರೆ ಅವುಗಳ ಸಂಖ್ಯೆ. 10 ಮತ್ತು 14 ಕ್ಯಾರಟ್ ಚಿನ್ನವೇ ಹೆಚ್ಚು ಓಡಾಡುವ ಊರಿನಲ್ಲಿ ನಮ್ಮ 22 ಕ್ಯಾರಟ್ ಕಾಸಿನ ಸರವನ್ನು 'ಹಳದಿ ಲೋಹದ ಸರ, ಒಂದು' ಎಂದು ಬರೆದು ಮುಗಿಸಿದರೆ, ಮರಳಿ ಬಂದದ್ದು ಅದೇ ಸರವೇ ಎಂದು ತೋರಿಸಲು ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ತಕ್ಕಡಿಯ ಮೇಲೆ ಕಂಡ ತೂಕವನ್ನು ಗ್ರಾಮಿನಲ್ಲಿ ಬರೆಸಿ. ಕೊಂಡಿಯ ಬಳಿ 916 ಎಂಬ ಮುದ್ರೆಯಿದ್ದರೆ ಅದನ್ನೂ ಸೇರಿಸಲು ಹೇಳಿ. ಪದಕದಲ್ಲಿ ಕೆಂಪು ಎಷ್ಟು, ಹಸಿರು ಎಷ್ಟು ಎಂದು ಎಣಿಸಿ ಬರೆಯುವವರೆಗೆ ಹೆಬ್ಬೆರಳನ್ನು ಒತ್ತಬೇಡಿ. ಇಂಥ ಒತ್ತಾಯಕ್ಕೆ ಸಂಕೋಚಪಡಬೇಕಾಗಿಲ್ಲ, ಏಕೆಂದರೆ ಹಾಗೆ ಬರೆಯುವುದು ಅಂಗಡಿಯವರ ಕರ್ತವ್ಯ.

ಅದೇ ಹಾಳೆಯಲ್ಲಿ ಒಂದು ಘೋಷಣೆಯೂ ಇರುತ್ತದೆ. ವಸ್ತು ಕಳ್ಳಮಾಲಲ್ಲ, ಅದರ ಮೇಲೆ ಬೇರೆ ಯಾರ ಸಾಲದ ಹಕ್ಕೂ ಇಲ್ಲ, ಅದರ ನಿಜವಾದ ಒಡೆಯರು ನಾವೇ, ಈ ವ್ಯವಹಾರ ಮಾಡುವ ಅಧಿಕಾರ ನಮಗಿದೆ ಎಂದು ನೀವು ಅಲ್ಲಿ ಭರವಸೆ ಕೊಡುತ್ತೀರಿ. ಇದನ್ನು ಓದದೆ ಸಹಿ ಹಾಕುವುದು ಅಪಾಯ. ಕಂತಿನಲ್ಲಿ ಕೊಂಡು ಇನ್ನೂ ಹಣ ತೀರದ ಲ್ಯಾಪ್‌ಟಾಪ್, ಊರಿಗೆ ಹೊರಟ ಗೆಳೆಯ ಬಿಟ್ಟುಹೋದ ಕ್ಯಾಮೆರಾ, ಅತ್ತೆಯವರು 'ಜೋಪಾನವಾಗಿ ಇಟ್ಟಿರು' ಎಂದು ಕೊಟ್ಟ ಬಳೆ, ಇವುಗಳ ವಿಷಯದಲ್ಲಿ ಆ ಮಾತು ನಿಜವಾಗುವುದಿಲ್ಲ. ಮನೆಯ ಚಿನ್ನವೆಲ್ಲ ಮನೆಯವರೆಲ್ಲರದು ಎಂಬ ನಮ್ಮ ರೂಢಿಯ ತಿಳಿವಳಿಕೆ ಅಲ್ಲಿನ ನ್ಯಾಯಾಲಯದಲ್ಲಿ ನಡೆಯುವಂಥದ್ದಲ್ಲ. ಒಡೆತನದ ಬಗ್ಗೆ ಗೊತ್ತಿದ್ದೂ ಸುಳ್ಳು ಹೇಳಿ ಅಥವಾ ಸುಳ್ಳು ಗುರುತಿನ ಚೀಟಿ ತೋರಿಸಿ ಹಣ ಪಡೆದರೆ ಅದು ಘೋರ ಅಪರಾಧಗಳ ಸಾಲಿಗೆ ಸೇರುತ್ತದೆ: ಮೊತ್ತ 300 ಡಾಲರಿಗಿಂತ ಕಡಿಮೆಯಿದ್ದರೆ ಮೂರನೆಯ ದರ್ಜೆ, 300 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಎರಡನೆಯ ದರ್ಜೆ. ವೀಸಾದ ಮೇಲೆ ಇರುವವರಿಗೆ ಇಂಥ ಪ್ರಕರಣ ದೇಶದಲ್ಲಿ ಉಳಿಯುವ ಹಕ್ಕಿಗೇ ಕುತ್ತು ತರಬಹುದು.

ಇನ್ನು ಲೆಕ್ಕ. ಬಡ್ಡಿಯೂ ಸೇರಿ ಅಂಗಡಿಯವರು ವಿಧಿಸಬಹುದಾದ ಒಟ್ಟು ಶುಲ್ಕ 30 ದಿನಗಳಿಗೆ ಸಾಲದ ಮೊತ್ತದ ನೂರಕ್ಕೆ 25ನ್ನು ಮೀರುವಂತಿಲ್ಲ. ಆದರೆ ಸಾಲ ಎಷ್ಟೇ ಚಿಕ್ಕದಿರಲಿ, ಕನಿಷ್ಠ 5 ಡಾಲರ್ ಪಡೆಯಬಹುದು. ವಾರ್ಷಿಕ ದರಕ್ಕೆ ತಿರುಗಿಸಿದರೆ ನೂರಕ್ಕೆ 25 ಎಂಬುದು ಸುಮಾರು 304 ಆಗುತ್ತದೆ. ನೀವು 400 ಡಾಲರ್ ಪಡೆದಿದ್ದೀರಿ ಎಂದುಕೊಳ್ಳೋಣ. 30ನೆಯ ದಿನ ಬಿಡಿಸಿಕೊಂಡರೆ 500 ಡಾಲರ್ ಕಟ್ಟಬೇಕು. ಆ ಗಡುವು ದಾಟಿದರೆ ಮೊದಲ ಶುಲ್ಕದ ಮೂವತ್ತನೇ ಒಂದು ಭಾಗ ದಿನದಿನಕ್ಕೂ ಸೇರುತ್ತದೆ; ಹಾಗಾಗಿ 45ನೆಯ ದಿನಕ್ಕೆ 550, 60ನೆಯ ದಿನಕ್ಕೆ 600. ಗಡುವು ಮುಗಿದು 30 ದಿನ ಕಳೆದರೂ ಬಿಡಿಸಿಕೊಳ್ಳದಿದ್ದರೆ ವಸ್ತು ತನ್ನಷ್ಟಕ್ಕೆ ಅಂಗಡಿಯ ಸ್ವತ್ತಾಗುತ್ತದೆ. ಇಬ್ಬರೂ ಒಪ್ಪಿದರೆ ಶುಲ್ಕ ಕಟ್ಟಿ ಅವಧಿಯನ್ನು ಮುಂದುವರಿಸಬಹುದು, ಆದರೆ ಅದನ್ನು ಬರಹದಲ್ಲಿ ಪಡೆಯದೆ ಬಾಯಿಮಾತಿಗೆ ನಂಬಿ ಮನೆಗೆ ಹೋಗಬಾರದು.

ಊರಿನ ಅನುಭವದಿಂದ ಹೆಚ್ಚಿನ ನಿರೀಕ್ಷೆ ಹುಟ್ಟುವುದು ಇಲ್ಲಿಯೇ. ನಮ್ಮಲ್ಲಿ ಬ್ಯಾಂಕಿನಲ್ಲೋ ಚಿನ್ನದ ಸಾಲದ ಕಂಪನಿಯಲ್ಲೋ ಸಾಲ ತೀರಿಸದಿದ್ದರೆ ಒಡವೆಯನ್ನು ಹರಾಜಿಗೆ ಹಾಕುತ್ತಾರೆ, ಸಾಲ ಕಳೆದು ಮಿಕ್ಕ ಹಣವನ್ನು ಸಾಲಗಾರರಿಗೆ ಹಿಂದಿರುಗಿಸಬೇಕು. ಫ್ಲೋರಿಡಾದ ಗಿರವಿಯಲ್ಲಿ ಹರಾಜೂ ಇಲ್ಲ, ಮಿಕ್ಕ ಹಣವೂ ಇಲ್ಲ: 2,000 ಡಾಲರ್ ಬೆಲೆಯ ಸರ 400 ಡಾಲರ್ ಸಾಲಕ್ಕೆ ಪೂರ್ತಿಯಾಗಿ ಹೋಗಬಹುದು. ಅದಕ್ಕೆ ಎದುರಾಗಿ ಸಾಲಗಾರರಿಗೂ ಒಂದು ಬಿಡುಗಡೆಯಿದೆ. ಬಿಡಿಸಿಕೊಳ್ಳಲೇಬೇಕೆಂಬ ಕಟ್ಟುಪಾಡು ಇಲ್ಲ, ಬಿಟ್ಟುಬಿಟ್ಟರೆ ಬಾಕಿಗಾಗಿ ಬೆನ್ನು ಹತ್ತುವಂತಿಲ್ಲ. ರಾಜ್ಯ ದಾಟಿದರೆ ಇದೆಲ್ಲ ಬದಲಾಗುತ್ತದೆ. ನ್ಯೂಯಾರ್ಕಿನಲ್ಲಿ ಬಡ್ಡಿಯ ಮಿತಿ ತಿಂಗಳಿಗೆ ನೂರಕ್ಕೆ 4, ವಸ್ತುವನ್ನು ಬಹಿರಂಗ ಹರಾಜಿನಲ್ಲಿಯೇ ಮಾರಬೇಕು, ಹೆಚ್ಚುವರಿ ಹಣ ಅಡವಿಟ್ಟವರದು. ಕ್ಯಾಲಿಫೋರ್ನಿಯಾದಲ್ಲಿ ಸಾಲದ ಅವಧಿ ಕನಿಷ್ಠ ನಾಲ್ಕು ತಿಂಗಳು, ಆಮೇಲೆ ನೋಟಿಸು ಕಳಿಸಿ ಹತ್ತು ದಿನ ಕಾಲಾವಕಾಶ ಕೊಡಬೇಕು. ಟೆಕ್ಸಸ್‌ನಲ್ಲಿರುವ ಬಂಧುಗಳ ಅನುಭವವನ್ನು ನಂಬಿ ಫ್ಲೋರಿಡಾದಲ್ಲಿ ಅಡವಿಡುವುದು ಜಾಣತನವಲ್ಲ.

ಬಿಡಿಸಿಕೊಳ್ಳುವ ಹಕ್ಕು ಅಡವಿಟ್ಟವರದು ಅಥವಾ ಅವರು ಅಧಿಕಾರ ಕೊಟ್ಟವರದು. ಗಂಡ ಅಡವಿಟ್ಟು ಬೆಂಗಳೂರಿಗೆ ಹೊರಟಿದ್ದರೆ, ಹೆಂಡತಿಗೆ ಸಹಿ ಮಾಡಿದ ಒಪ್ಪಿಗೆ ಪತ್ರವನ್ನೂ ಅಂಗಡಿಯವರು ಕೊಟ್ಟ ಗಿರವಿಯ ಮೂಲ ಚೀಟಿಯನ್ನೂ ಕೊಟ್ಟು ಹೋಗಬೇಕು. ಆ ಚೀಟಿ ಕಳೆದುಹೋದರೆ ತಡಮಾಡದೆ ಸ್ವೀಕೃತಿ ಸಿಗುವಂಥ ನೋಂದಾಯಿತ ಅಂಚೆಯಲ್ಲಿ ಅಂಗಡಿಗೆ ತಿಳಿಸಿ, ಇಲ್ಲವೇ ಖುದ್ದಾಗಿ ಹೋಗಿ ರಸೀದಿ ಪಡೆಯಿರಿ.

ಮನೆಯಲ್ಲಿ ಕಳವಾದವರಿಗೆ ಈ ಕಾನೂನಿನ ಇನ್ನೊಂದು ಮುಖ ಬೇಕಾಗುತ್ತದೆ. ಅಂಗಡಿಯವರು ಕೊಂಡ ವಸ್ತುವನ್ನು 30 ದಿನ ಮಾರುವಂತಿಲ್ಲ. ಅಡವಿಟ್ಟದ್ದಾಗಲಿ ಕೊಂಡದ್ದಾಗಲಿ, ಆ ಅವಧಿಯಲ್ಲಿ ಯಾವ ಬದಲಾವಣೆಯನ್ನೂ ಮಾಡದೆ ಭದ್ರವಾಗಿ ಇಡಬೇಕು, ಅಂದರೆ ಚಿನ್ನವನ್ನು ಕರಗಿಸಲೂ ಬಾರದು. ಅನುಮಾನ ಬಂದರೆ ಪೊಲೀಸರು ಲಿಖಿತ ಆದೇಶದ ಮೂಲಕ 90 ದಿನಗಳವರೆಗೆ ವಸ್ತುವನ್ನು ತಡೆಹಿಡಿಯಿಸಬಹುದು. ನಿಮ್ಮ ಒಡವೆಯನ್ನು ಅಂಗಡಿಯಲ್ಲಿ ಗುರುತಿಸಿದರೆ, ಪೊಲೀಸ್ ವರದಿಯ ಪ್ರತಿಯೊಡನೆ ನೋಂದಾಯಿತ ಅಂಚೆಯಲ್ಲಿ ಹಕ್ಕು ಮಂಡಿಸಬೇಕು. ಅಲ್ಲಿ ಇತ್ಯರ್ಥವಾಗದಿದ್ದರೆ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಇಂಥ ಹೊತ್ತಿನಲ್ಲಿ ಒಡವೆಗಳ ಬಿಡಿ ಬಿಡಿ ಫೋಟೊ, ಊರಿನ ಚಿನ್ನದಂಗಡಿಯ ತೂಕದ ರಸೀದಿ ಕೈಯಲ್ಲಿರುವವರ ಮಾತು ಗಟ್ಟಿಯಾಗಿ ನಿಲ್ಲುತ್ತದೆ. ಮದುವೆಯ ಆಲ್ಬಂ ಕೂಡ ಎಷ್ಟೋ ಕೆಲಸಕ್ಕೆ ಬರುತ್ತದೆ.

ಅಡವಿಡದೆ, ಹಳೆಯ ಚಿನ್ನವನ್ನೋ ಉಪಕರಣವನ್ನೋ ಸೆಕೆಂಡ್ ಹ್ಯಾಂಡ್ ವ್ಯಾಪಾರಿಗೆ ಮಾರಿದರೂ ಹೆಬ್ಬೆರಳ ಗುರುತು, ಗುರುತಿನ ಚೀಟಿ, ಒಡೆತನದ ಘೋಷಣೆ ಇವು ಯಾವುವೂ ತಪ್ಪುವುದಿಲ್ಲ. ಆ ವ್ಯಾಪಾರಿ ರಾಜ್ಯದ ಕಂದಾಯ ಇಲಾಖೆಯಲ್ಲಿ ನೋಂದಾಯಿಸಿರಬೇಕು, ವ್ಯವಹಾರದ ನಮೂನೆಯನ್ನು 24 ಗಂಟೆಯೊಳಗೆ ಪೊಲೀಸರಿಗೆ ತಲುಪಿಸಬೇಕು. ಊರು ಬಿಡುವಾಗ ಮನೆಯ ಮುಂದೆ ಕುಕ್ಕರು, ಕುರ್ಚಿ, ಮಕ್ಕಳ ಸೈಕಲ್ಲು ಹರಡಿ ಗರಾಜ್ ಸೇಲ್ ಮಾಡುವವರಿಗೆ ಮಾತ್ರ ಈ ಕಟ್ಟಳೆ ತಟ್ಟುವುದಿಲ್ಲ. ವರ್ಷದಲ್ಲಿ ಹತ್ತಕ್ಕಿಂತ ಕಡಿಮೆ ವಾರಾಂತ್ಯಗಳಲ್ಲಿ ಹಾಗೆ ಮಾರುವವರನ್ನು ಕಾನೂನು ವ್ಯಾಪಾರಿಗಳೆಂದು ಎಣಿಸುವುದಿಲ್ಲ.